ಮಗಳು ವಾರ್ಡಿಗಿಂತ ಆ್ಯಪ್‌ನಲ್ಲೇ ಜಾಸ್ತಿ ಇರ್ತಾಳೆ, ಡಾಕ್ಟರ್ ಆಗ್ತಾಳಾ?

ಪ್ರಶ್ನೆ: ನಾವು ವಿಜಯಪುರ ಜಿಲ್ಲೆಯವರು. ಮದುವೆಯಾದಾಗಿನಿಂದ ಡೊಂಬಿವಲಿಯಲ್ಲಿದ್ದೇವೆ. ಮಗಳು ಮುಂಬೈಯ ಒಂದು ಮುನ್ಸಿಪಲ್ ಮೆಡಿಕಲ್ ಕಾಲೇಜಿನಲ್ಲಿ ಎಂಬಿಬಿಎಸ್ ಮೂರನೇ ವರ್ಷದಲ್ಲಿದ್ದಾಳೆ. ಬೆಳಿಗ್ಗೆ ವಾರ್ಡಿನ ಪೋಸ್ಟಿಂಗ್‌ಗೆ ಹೋಗಿ ಹಾಜರಿ ಆದ ಕೂಡಲೇ ಲೈಬ್ರರಿ ಸೇರಿಬಿಡುತ್ತಾಳಂತೆ. ಆಮೇಲೆ ಇಡೀ ದಿನ ಕೋಚಿಂಗ್ ಆ್ಯಪ್‌ನ ವಿಡಿಯೋ, ಅದೂ ಎರಡು ಪಟ್ಟು ವೇಗದಲ್ಲಿ. ಕೇಳಿದರೆ "ನಾನು ವಿಶುವಲ್ ಲರ್ನರ್ ಅಮ್ಮ, ನೋಡಿದ್ರೇ ತಲೆಗೆ ಹೋಗೋದು" ಅನ್ನುತ್ತಾಳೆ. ವಾರ್ಡಿನಲ್ಲಿ ಏನೂ ಕಾಣಲ್ಲ, ಕೇಳಲ್ಲ, ಯಾರೂ ಕಲಿಸಲ್ಲ ಅನ್ನುತ್ತಾಳೆ. ಹೋದ ತಿಂಗಳು ಒಬ್ಬ ರೋಗಿಯ ರಕ್ತ ತೆಗೆಯಲು ಹೋಗಿ, ಕೈ ನಡುಗಿ, ಬಿಟ್ಟು ಬಂದಳು. ಕಾಲೇಜಿನ ಬೊಂಬೆಯ ಮೇಲೆ ಮಾಡುವಾಗ ಚೆನ್ನಾಗಿಯೇ ಮಾಡಿದ್ದಳಂತೆ. ನಮ್ಮ ಮನೆಯವರು, "ಹಿಂದಿನ ಡಾಕ್ಟರುಗಳು ಎರಡೆರಡು ದಿನ ನಿದ್ದೆಗೆಟ್ಟು ರೋಗಿಗಳ ಮಧ್ಯೆ ಕಲಿತವರು, ಇವರದ್ದು ಬೊಂಬೆ ಡಾಕ್ಟರಿಕೆ" ಎಂದು ಗೊಣಗುತ್ತಾರೆ. ಈಗ ಅವಳು ಇನ್ನೊಂದು ದುಬಾರಿ ಕೋಚಿಂಗ್ ಪ್ಯಾಕೇಜ್ ಕೇಳುತ್ತಿದ್ದಾಳೆ. ಕೊಡಿಸಬೇಕಾ? ಅವಳು ಓದುತ್ತಿರುವ ರೀತಿ ಸರಿ ಇದೆಯಾ? ನಮಗೆ ಇದರ ಗಂಧಗಾಳಿ ಇಲ್ಲ, ದಯವಿಟ್ಟು ತಿಳಿಸಿ.

ಉತ್ತರ: ಮೊದಲೇ ಹೇಳಿಬಿಡುತ್ತೇನೆ, ನಿಮ್ಮ ಮಗಳು ಸೋಮಾರಿ ಅಲ್ಲ. ಇಡೀ ದಿನ ಲೈಬ್ರರಿಯಲ್ಲಿ ಕೂರುವವಳನ್ನು ಯಾರೂ ಸೋಮಾರಿ ಅನ್ನಲಾರರು. ಅವಳು ಕಷ್ಟಪಡುತ್ತಿದ್ದಾಳೆ, ಆದರೆ ಆ ಕಷ್ಟ ಪೂರ್ತಿ ಫಲ ಕೊಡುವ ಜಾಗದಲ್ಲಿ ಬೀಳುತ್ತಿಲ್ಲ. ಮುಂಬೈಯ ಸಾರ್ವಜನಿಕ ಆಸ್ಪತ್ರೆಯಲ್ಲಿ ಮೆಡಿಸಿನ್ ಕಲಿಸುವ ನನಗೆ ನಿಮ್ಮ ಮಗಳಂಥವರು ಪ್ರತಿ ಬ್ಯಾಚಿನಲ್ಲೂ ಸಿಗುತ್ತಾರೆ. ಡಾಕ್ಟರುಗಳಿಗೆ ಹೇಗೆ ಕಲಿಸಬೇಕು ಅನ್ನುವುದರ ಮೇಲೆ ಐವತ್ತು ವರ್ಷಕ್ಕೂ ಜಾಸ್ತಿ ಸಂಶೋಧನೆ ನಡೆದಿದೆ. ಅದರಲ್ಲಿ ನಿಮಗೆ ಉಪಯೋಗ ಆಗುವಷ್ಟನ್ನು ಹೇಳುತ್ತೇನೆ.

ಅವಳು ಆ್ಯಪ್ ಹಿಡಿದದ್ದು ಯಾಕೆ ಅನ್ನುವುದು ಮೊದಲು ಅರ್ಥವಾಗಬೇಕು. ಎಂಬಿಬಿಎಸ್ ಮುಗಿದ ಮೇಲೆ ಸ್ಪೆಷಲಿಸ್ಟ್ ಆಗಬೇಕಾದರೆ ನೀಟ್ ಪಿಜಿ ಬರೆಯಬೇಕು. ಮೂರೂವರೆ ಗಂಟೆ, 200 ಪ್ರಶ್ನೆ, ಎಲ್ಲವೂ ನಾಲ್ಕರಲ್ಲಿ ಒಂದು ಉತ್ತರ ಆರಿಸುವಂಥವು. ಆ ಪರೀಕ್ಷೆ ರೋಗಿಯ ಜೊತೆ ಮಾತಾಡಲು ಬರುತ್ತಾ ಎಂದು ಕೇಳುವುದಿಲ್ಲ, ಹೊಟ್ಟೆ ಮುಟ್ಟಿ ನೋಡಲು ಬರುತ್ತಾ ಎಂದೂ ಕೇಳುವುದಿಲ್ಲ. ಪರೀಕ್ಷೆ ಏನು ಕೇಳುತ್ತದೋ ಮಕ್ಕಳು ಅದನ್ನೇ ಓದುತ್ತಾರೆ. ಇದು ಅವರ ತಪ್ಪಲ್ಲ. ಇನ್ನೊಂದು ಕಡೆ ವಾರ್ಡಿನ ಸ್ಥಿತಿ ನೋಡಿ. ಮುಂಬೈಯ ದೊಡ್ಡ ಕಾಲೇಜುಗಳಲ್ಲಿ ಒಂದು ಬ್ಯಾಚಿಗೆ 200, 250 ಮಕ್ಕಳು. ಸೀಟು ಹೆಚ್ಚಾಯಿತು, ಕಲಿಸುವವರು ಅದೇ ಪ್ರಮಾಣದಲ್ಲಿ ಹೆಚ್ಚಾಗಲಿಲ್ಲ. ಒಂದು ಮಂಚದ ಸುತ್ತ ಬಿಳಿ ಕೋಟುಗಳ ಗುಂಪು ನಿಂತಾಗ ಹಿಂದಿನ ಸಾಲಿನವಳಿಗೆ ಮುಂದಿನವರ ಬೆನ್ನು ಮಾತ್ರ ಕಾಣುತ್ತದೆ. ಸರ್ ಮೆಲುದನಿಯವರಾದರೆ ಮುಗಿಯಿತು. "ಏನೂ ಕಾಣಲ್ಲ, ಕೇಳಲ್ಲ" ಅಂದಳಲ್ಲ, ಅದು ನೆಪ ಅಲ್ಲ, ಅಪ್ಪಟ ಸತ್ಯ.

ಹಾಗಾದರೆ ಲೈಬ್ರರಿಗೆ ಹೋಗಿ ವಿಡಿಯೋ ನೋಡುವುದೇ ಜಾಣತನ ಅಲ್ವಾ? ಅರ್ಧ ಮಾತ್ರ.

ಎರಡು ಪಟ್ಟು ವೇಗದ ವಿಷಯದಲ್ಲಿ ನೀವು ಹೆದರಬೇಕಾಗಿಲ್ಲ. 2021ರಲ್ಲಿ ಲಾಸ್ ಏಂಜಲಿಸ್‌ನ ವಿಶ್ವವಿದ್ಯಾಲಯವೊಂದರ ಸಂಶೋಧಕರು ಇದನ್ನೇ ಪರೀಕ್ಷಿಸಿದರು. ಎರಡು ಪಟ್ಟು ವೇಗದ ತನಕ ವಿದ್ಯಾರ್ಥಿಗಳಿಗೆ ಅಂಥ ದೊಡ್ಡ ನಷ್ಟವೇನೂ ಕಾಣಲಿಲ್ಲ, ಅದಕ್ಕಿಂತ ಜಾಸ್ತಿಯಾದಾಗ ಅಂಕ ಕುಸಿಯಿತು. ತೊಂದರೆ ಇರುವುದು ಬೇರೆ ಕಡೆ. ಒಳ್ಳೆಯ ವಿಡಿಯೋ ನೋಡುವಾಗ ಎಲ್ಲವೂ ಗೊತ್ತಿರುವ ಹಾಗೆ ಅನ್ನಿಸುತ್ತದೆ. ಲೋಕಲ್ ಟ್ರೈನಿನಲ್ಲಿ ವರ್ಷಗಟ್ಟಲೆ ಎದುರು ಸೀಟಿನಲ್ಲಿ ಕೂರುವವರ ಮುಖ ನಿಮಗೆ ಚೆನ್ನಾಗಿ ಗೊತ್ತಿರುತ್ತದೆ, ಹೆಸರೇನು ಅಂದರೆ ಬಾಯಿ ಬಿಡುವಂತಿರುವುದಿಲ್ಲ. ವಿಡಿಯೋ ಕೊಡುವುದು ಬಹುಪಾಲು ಆ ತರಹದ ಪರಿಚಯ. ಪರೀಕ್ಷೆಯಲ್ಲಿ, ಅದಕ್ಕಿಂತ ಜಾಸ್ತಿ ರೋಗಿಯ ಮುಂದೆ, ಬೇಕಾಗುವುದು ಹೆಸರು.

ಈ ವ್ಯತ್ಯಾಸವನ್ನು ಅಳೆದವರಿದ್ದಾರೆ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಸಂಶೋಧಕರು ವಿದ್ಯಾರ್ಥಿಗಳಿಗೆ ಒಂದು ಪಾಠ ಕೊಟ್ಟರು. ಒಂದು ಗುಂಪು ಅದನ್ನು ನಾಲ್ಕು ಸುತ್ತು ಓದಿತು. ಇನ್ನೊಂದು ಗುಂಪು ಒಂದೇ ಸುತ್ತು ಓದಿ, ಮೂರು ಸಲ ಪುಸ್ತಕ ಮುಚ್ಚಿ ನೆನಪಾದಷ್ಟು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದು: ಅವರಿಗೆ ನೂರಕ್ಕೆ 83, ಇವರಿಗೆ 71. ಒಂದು ವಾರ ಬಿಟ್ಟು ಕೇಳಿದರೆ ಲೆಕ್ಕ ತಿರುಗಿಬಿತ್ತು. ಓದಿದವರು 40ಕ್ಕೆ ಇಳಿದಿದ್ದರು, ನೆನಪಿಸಿಕೊಂಡು ಬರೆದವರು 61ರಲ್ಲಿದ್ದರು. ತಮಾಷೆ ಏನು ಗೊತ್ತಾ? ತಮಗೆ ಚೆನ್ನಾಗಿ ನೆನಪಿರುತ್ತೆ ಎಂಬ ನಂಬಿಕೆ ಜಾಸ್ತಿ ಇದ್ದದ್ದು ಸುಮ್ನೆ ಓದಿದವರಿಗೇ. 2009ರಲ್ಲಿ ಡಾಕ್ಟರುಗಳ ಮೇಲೇ ಇಂಥದ್ದೊಂದು ಪ್ರಯೋಗ ಆಯಿತು. ಮಕ್ಕಳ ವಿಭಾಗ ಮತ್ತು ಎಮರ್ಜೆನ್ಸಿಯ ರೆಸಿಡೆಂಟ್‌ಗಳಿಗೆ (ಡಾಕ್ಟರ್ ಆದ ಮೇಲೆ ಸ್ಪೆಷಲಿಸ್ಟ್ ತರಬೇತಿಯಲ್ಲಿರುವವರು) ಎರಡು ಕಾಯಿಲೆಗಳ ಪಾಠ ಮಾಡಿದರು. ಒಂದನ್ನು ಎರಡು ವಾರಕ್ಕೊಮ್ಮೆ ಟೆಸ್ಟ್ ಕೊಟ್ಟು ಗಟ್ಟಿ ಮಾಡಿಸಿದರು, ಇನ್ನೊಂದನ್ನು ನೋಟ್ಸ್ ಮತ್ತೆ ಮತ್ತೆ ಓದಿಸಿ. ಆರು ತಿಂಗಳು ದಾಟಿದ ಮೇಲೆ ಟೆಸ್ಟ್ ಕೊಟ್ಟ ವಿಷಯದಲ್ಲಿ 39, ಓದಿದ ವಿಷಯದಲ್ಲಿ 26. ಎರಡೂ ಹೆಮ್ಮೆಪಡುವ ಅಂಕ ಅಲ್ಲ ಬಿಡಿ. ಓದಿದ್ದು ಎಷ್ಟು ಬೇಗ ಆವಿಯಾಗುತ್ತದೆ ಅನ್ನುವುದಕ್ಕೂ ಇದೇ ಪುರಾವೆ.

ಇನ್ನು "ವಿಶುವಲ್ ಲರ್ನರ್" ಮಾತು. ಇದು ಸ್ಕೂಲು, ಕೋಚಿಂಗ್ ಕ್ಲಾಸು, ಟೀಚರುಗಳ ತರಬೇತಿ ಎಲ್ಲ ಕಡೆ ಹಬ್ಬಿರುವ ನಂಬಿಕೆ. ಕೆಲವರು ಕಣ್ಣಿನಿಂದ ಕಲಿಯುತ್ತಾರೆ, ಕೆಲವರು ಕಿವಿಯಿಂದ, ಕೆಲವರು ಕೈಯಿಂದ, ಅವರವರ ರೀತಿಗೆ ತಕ್ಕಂತೆ ಕಲಿಸಿದರೆ ಚೆನ್ನಾಗಿ ಹತ್ತುತ್ತದೆ ಅಂತ. 2008ರಲ್ಲಿ ನಾಲ್ವರು ಮನಃಶಾಸ್ತ್ರಜ್ಞರು ಆವರೆಗಿನ ಸಂಶೋಧನೆಯನ್ನೆಲ್ಲ ಜಾಲಾಡಿ, ಹಾಗೆ ನಂಬಲು ತಕ್ಕ ಪುರಾವೆ ಇಲ್ಲ ಎಂದರು. ನಿಮ್ಮ ಮಗಳಿಗೆ ನೋಡುವುದು ಇಷ್ಟ, ಅಷ್ಟೇ. ಇಷ್ಟಕ್ಕೂ ಹೃದಯದ ಮರ್ಮರ್ (ಬಡಿತದ ನಡುವೆ ಕೇಳುವ ಹೆಚ್ಚುವರಿ ಸದ್ದು) ಕೇಳಿಯೇ ಕಲಿಯಬೇಕು, ದೊಡ್ಡದಾದ ಗುಲ್ಮವನ್ನು (ಸ್ಪ್ಲೀನ್) ಬೆರಳಿಂದಲೇ ಗುರುತಿಸಬೇಕು. ವಿಷಯ ಯಾವ ದಾರಿ ಕೇಳುತ್ತದೋ ಆ ದಾರಿಯಲ್ಲೇ ಹೋಗಬೇಕು.

ಆ್ಯಪ್ ಬಗ್ಗೆ ನಾನು ಪೂರ್ತಿ ವಿರೋಧಿ ಅಲ್ಲ. ಅದರೊಳಗೆ ಪ್ರಶ್ನೆಗಳ ಭಂಡಾರ ಇರುತ್ತದಲ್ಲ, ಚಿನ್ನ ಇರುವುದು ಅಲ್ಲೇ. ಮಕ್ಕಳು ಮಾತ್ರ ಮೊದಲು ವಿಡಿಯೋ ಎಲ್ಲ ಮುಗಿಸೋಣ, ಪ್ರಶ್ನೆ ಕೊನೆಗೆ ನೋಡೋಣ ಅನ್ನುತ್ತಾರೆ. ಉಲ್ಟಾ ಮಾಡಬೇಕು. ಹತ್ತು ಪ್ರಶ್ನೆ ಮೊದಲು, ತಪ್ಪಾದದ್ದಕ್ಕೆ ವಿಡಿಯೋ, ಮೂರು ದಿನ ಬಿಟ್ಟು ಅದೇ ಪ್ರಶ್ನೆ ಮತ್ತೆ. ಹೃದಯದ ಸದ್ದಿನಂಥ ವಿಷಯಕ್ಕೂ ಫೋನು ಒಳ್ಳೆಯದೇ. 1997ರಲ್ಲಿ ಅಮೆರಿಕದ ರೆಸಿಡೆಂಟ್‌ಗಳಿಗೆ ರೆಕಾರ್ಡ್ ಮಾಡಿದ ಹೃದಯದ ಸದ್ದುಗಳನ್ನು ಕೇಳಿಸಿದಾಗ ಐದರಲ್ಲಿ ನಾಲ್ಕು ತಪ್ಪಿದ್ದವು. ಕೆಲವು ವರ್ಷಗಳ ನಂತರ ಬೇರೆ ಸಂಶೋಧಕರು ವಿದ್ಯಾರ್ಥಿಗಳಿಗೆ ಒಂದೊಂದು ಮರ್ಮರನ್ನು 500 ಸಲ ಕೇಳಿಸಿದರು, ಗುರುತಿಸುವ ಶಕ್ತಿ ಭಾರಿ ಏರಿತು. ಅಷ್ಟು ಸಲ ಸ್ಟೆತೋಸ್ಕೋಪ್ ಇಡಲು ಯಾವ ರೋಗಿ ಬಿಡುತ್ತಾರೆ? ಲೋಕಲ್‌ನಲ್ಲಿ ಇಯರ್‌ಫೋನ್ ಹಾಕಿಕೊಂಡು ಕೇಳಬಹುದು.

ಆದರೆ ಫೋನಿನಲ್ಲಿ ಸಿಗದ ಒಂದು ವಿದ್ಯೆ ಇದೆ. ರೋಗಿಯ ಕತೆ ಹೊರಡಿಸುವುದು. ನಾವು ಇದಕ್ಕೆ ಹಿಸ್ಟರಿ ಅನ್ನುತ್ತೇವೆ. 1975ರಲ್ಲಿ ಇಂಗ್ಲೆಂಡಿನಲ್ಲಿ ಒಪಿಡಿಗೆ ಹೊಸದಾಗಿ ಬಂದ 80 ರೋಗಿಗಳನ್ನು ನೋಡಿ ಒಂದು ಲೆಕ್ಕ ಹಾಕಿದರು. ಅವರಲ್ಲಿ 66 ಜನರಿಗೆ ಕಾಯಿಲೆ ಯಾವುದೆಂದು ಹಿಸ್ಟರಿ ಕೇಳಿದಾಗಲೇ ಸರಿಯಾಗಿ ತಿಳಿದಿತ್ತು. ದೇಹ ಪರೀಕ್ಷೆ ಮಾಡಿದ್ದರಿಂದ ಅಭಿಪ್ರಾಯ ಬದಲಾದದ್ದು 7 ಜನರಲ್ಲಿ, ಲ್ಯಾಬ್ ಟೆಸ್ಟಿನಿಂದ ಇನ್ನೊಂದು 7 ಜನರಲ್ಲಿ. ಆಗ ಸ್ಕ್ಯಾನ್ ಗೀನ್ ಈಗಿನಷ್ಟು ಇರಲಿಲ್ಲ, ಒಪ್ಪುತ್ತೇನೆ. ಆದರೂ ಯಾವ ಟೆಸ್ಟ್ ಬರೆಯಬೇಕು ಅನ್ನುವುದು ಇವತ್ತಿಗೂ ಕತೆ ಕೇಳಿದ ಮೇಲೇ ಹೊಳೆಯುವುದು.

ನಮ್ಮ ವಾರ್ಡಿಗೆ ಬಂದಿದ್ದ ಒಬ್ಬ ಅಜ್ಜಿಯ ಉದಾಹರಣೆ ಕೊಡುತ್ತೇನೆ. ಸಾಂಗ್ಲಿ ಜಿಲ್ಲೆಯ ಜತ್ತ ಕಡೆಯವರು, ಮಗ ಇಲ್ಲಿ ಕೂಲಿ ಕೆಲಸ ಮಾಡುತ್ತಾನೆ. ಸುಸ್ತು ಎಂದು ಸೇರಿಸಿದ್ದರು. ಕೇಸ್ ಪೇಪರ್‌ನಲ್ಲಿ ರಕ್ತಹೀನತೆ, ಕಾರಣ ನೋಡಬೇಕು ಎಂದು ಬರೆದಿತ್ತು. ಹಿಂದಿಯಲ್ಲಿ ಕೇಳಿದ್ದಕ್ಕೆಲ್ಲ ಅಜ್ಜಿ ಹೌದು ಹೌದು ಎಂದು ತಲೆ ಆಡಿಸಿದ್ದರು. ಮರುದಿನ ನಮ್ಮ ಒಬ್ಬ ಕನ್ನಡದ ಹುಡುಗಿ, ಮೂರನೇ ವರ್ಷದವಳೇ, ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡು ಕೂತಳು. ಊರು, ಹೊಲ, ಸೊಸೆ, ಎಲ್ಲ ಮಾತಾಯಿತು. ನಡುವೆ ಅಜ್ಜಿ ಮೊಣಕಾಲು ನೋವಿನ ಮಾತು ತೆಗೆದರು. ಊರಿನ ಅಂಗಡಿಯಲ್ಲಿ ಸಿಗುವ ಗುಳಿಗೆ, ಬಿಳಿ ಒಂದು, ಕೆಂಪು ಒಂದು, ಹೊತ್ತಿಗೆ ಒಂದರಂತೆ ತಿಂಗಳುಗಟ್ಟಲೆ ನುಂಗಿದ್ದಾರೆ. "ಹೊರಕಡಿ ಕರ್‍ರಗ ಆಗತಿತ್ತೇನ್ರೀ ಅಜ್ಜಿ" ಎಂದು ಹುಡುಗಿ ಕೇಳಿದಳು. ಆಗುತ್ತಿತ್ತು. ಹೇಳಲು ನಾಚಿಕೆ, ಅದಕ್ಕೆ ಯಾರಿಗೂ ಹೇಳಿರಲಿಲ್ಲ. ನೋವಿನ ಗುಳಿಗೆಯಿಂದ ಹೊಟ್ಟೆಯಲ್ಲಿ ಹುಣ್ಣಾಗಿ ಒಳಗೇ ರಕ್ತ ಹೋಗುತ್ತಿತ್ತು. ಎಂಡೋಸ್ಕೋಪಿಯಲ್ಲಿ ಅದೇ ಕಂಡಿತು. ಆ ಹುಡುಗಿ ಕಪ್ಪು ಮಲ ಎಂದರೇನು ಎಂಬುದನ್ನು ಪುಸ್ತಕದಲ್ಲಿ ಓದಿಯೇ ಇದ್ದಳು. ಅದನ್ನು ಯಾವಾಗ, ಹೇಗೆ, ಯಾರ ಹತ್ತಿರ ಕೇಳಬೇಕು ಅನ್ನುವುದು ಸ್ಟೂಲಿನ ಮೇಲೆ ಕೂತಾಗ ಬಂತು. ನಿಮ್ಮ ಮಗಳಿಗೂ ಮನೆಮಾತು ಉತ್ತರ ಕರ್ನಾಟಕದ ಕನ್ನಡ. ಸೋಲಾಪುರ, ಅಕ್ಕಲಕೋಟೆ, ಜತ್ತ, ಕಲಬುರಗಿ ಕಡೆಯಿಂದ ಎಷ್ಟು ಜನ ಮುಂಬೈ ಆಸ್ಪತ್ರೆಗಳಿಗೆ ಬರುತ್ತಾರೆ! ಆ ಮಂಚಗಳ ಹತ್ತಿರ ಅವಳಿಗೆ ಇರುವ ಅನುಕೂಲ ಅವಳ ರೆಸಿಡೆಂಟ್‌ಗೂ ಇರುವುದಿಲ್ಲ.

"ಯಾರೂ ಕಲಿಸಲ್ಲ" ಅನ್ನುವ ದೂರಿಗೆ ಬರುತ್ತೇನೆ. ನನ್ನ ಮಟ್ಟಿಗೆ ನಿಮ್ಮ ಪತ್ರದ ಮುಖ್ಯ ವಿಷಯ ಇದೇ. ಮೆಡಿಕಲ್ ಕಲಿಕೆಯಲ್ಲಿ ನಿಜವಾಗಿ ಕೊರತೆ ಇರುವುದು ಪಾಠಕ್ಕಲ್ಲ. ಪಾಠ ಬೇಕಾದಷ್ಟಿದೆ. ವಿದ್ಯಾರ್ಥಿ ಮಾಡುವುದನ್ನು ಯಾರಾದರೂ ಕಣ್ಣಾರೆ ನೋಡಿ "ಇದು ಸರಿ, ಇದನ್ನು ಹೀಗೆ ಮಾಡು" ಎಂದು ಹೇಳುವುದಕ್ಕೆ ಕೊರತೆ. ನಾವು ಕೇಸ್ ಪ್ರೆಸೆಂಟೇಶನ್ ಕೇಳುತ್ತೇವೆ, ಜರ್ನಲ್‌ಗೆ ಸಹಿ ಹಾಕುತ್ತೇವೆ. ಆದರೆ ಆ ಹುಡುಗಿ ಹೊಟ್ಟೆ ಪರೀಕ್ಷೆ ಮಾಡುವಾಗ ತಣ್ಣಗಿನ ಕೈ ಇಟ್ಟಳಾ, ನೋವಿದ್ದ ಜಾಗವನ್ನೇ ಮೊದಲು ಒತ್ತಿದಳಾ, ರೋಗಿಯ ಮುಖ ನೋಡಿದಳಾ ಅನ್ನುವುದನ್ನು ನೋಡಿದವರೇ ಇರುವುದಿಲ್ಲ. ತಾನೇ ತನ್ನನ್ನು ಅಳೆದುಕೊಳ್ಳಲಿ ಅಂದರೆ ಅದೂ ಆಗದ ಮಾತು. ಡಾಕ್ಟರುಗಳು ತಮ್ಮ ಸಾಮರ್ಥ್ಯವನ್ನು ತಾವೇ ಅಂದಾಜು ಮಾಡುವುದರಲ್ಲಿ ಎಷ್ಟು ದುರ್ಬಲರು ಎಂಬುದನ್ನು 2006ರ ಒಂದು ದೊಡ್ಡ ವಿಮರ್ಶೆ ತೋರಿಸಿದೆ. ಕೆಲಸ ಕಡಿಮೆ ಬರುವವರದ್ದೇ ಅಂದಾಜು ಅತಿ ಕೆಟ್ಟದಾಗಿತ್ತು.

ಇದಕ್ಕೆ ಒಂದು ಸರಳ ಪದ್ಧತಿ ಇದೆ, ಮಿನಿ ಸೆಕ್ಸ್ ಎಂದು ಕರೆಯುತ್ತೇವೆ (ಮಿನಿ ಕ್ಲಿನಿಕಲ್ ಇವ್ಯಾಲ್ಯುಯೇಶನ್ ಎಕ್ಸರ್‌ಸೈಜ್ ಎಂಬುದರ ಚಿಕ್ಕ ರೂಪ, Mini-CEX. ಹೆಸರು ಕೇಳಿ ಪ್ರತಿ ವರ್ಷ ಹುಡುಗರು ಮುಸಿಮುಸಿ ನಗುತ್ತಾರೆ). 1990ರ ದಶಕದಲ್ಲಿ ಅಮೆರಿಕದ ಜಾನ್ ನಾರ್ಸಿನಿ ಮತ್ತು ಜೊತೆಗಾರರು ರೂಪಿಸಿದ್ದು. ವಿದ್ಯಾರ್ಥಿ ಹದಿನೈದು ಇಪ್ಪತ್ತು ನಿಮಿಷ ರೋಗಿಯನ್ನು ನೋಡಬೇಕು. ಹಿರಿಯರು ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ನಿಲ್ಲಬೇಕು. ಆಮೇಲೆ ಐದು ನಿಮಿಷ ತಿದ್ದಬೇಕು. ಅದೇ ನಾರ್ಸಿನಿ ಮುಂದೆ ಮೆಡಿಕಲ್ ಟೀಚರುಗಳಿಗೆ ಕಲಿಸುವ ತರಬೇತಿ ಕೊಡುವ ಫೈಮರ್ ಎಂಬ ಸಂಸ್ಥೆಯ ಮುಖ್ಯಸ್ಥರಾದರು. ಆ ಸಂಸ್ಥೆಯ ಭಾರತದ ಮೊದಲ ಪ್ರಾದೇಶಿಕ ಕೇಂದ್ರ 2005ರಲ್ಲಿ ಶುರುವಾದದ್ದು ನಮ್ಮ ಪರೇಲ್‌ನ ಜಿ.ಎಸ್. ಮೆಡಿಕಲ್ ಕಾಲೇಜಿನಲ್ಲಿ. ಅಂದರೆ ಕಲಿಸುವ ವಿದ್ಯೆ ಗೊತ್ತಿರುವವರು ಮುಂಬೈಯಲ್ಲಿ ಇಲ್ಲ ಅಂತಲ್ಲ. ಒಪಿಡಿಯ ಹೊರಗೆ ಬೆಳಿಗ್ಗೆ ಎಂಟಕ್ಕೇ ಸಾಲು ನಿಂತಿರುವಾಗ ಅವರಿಗೆ ಹೊತ್ತು ಸಿಗುವುದಿಲ್ಲ. ಹಾಗಾಗಿ ಅವಳೇ ಹೋಗಿ ಕೇಳಬೇಕು. ಪ್ರೊಫೆಸರನ್ನಲ್ಲ, ಯೂನಿಟ್ಟಿನ ರೆಸಿಡೆಂಟನ್ನು. "ಸರ್, ಒಂದು ಪೇಶೆಂಟ್ ಎಕ್ಸಾಮಿನ್ ಮಾಡ್ತೀನಿ, ಐದು ನಿಮಿಷ ನೋಡಿ ತಪ್ಪು ಹೇಳ್ತೀರಾ?" ಎಂದರೆ ಹತ್ತರಲ್ಲಿ ಒಬ್ಬರೋ ಇಬ್ಬರೋ ರೇಗಬಹುದು. ಉಳಿದವರು ಮಾಡಿಕೊಡುತ್ತಾರೆ. ಕೇಳುವ ಹೊತ್ತು ಮಾತ್ರ ನೋಡಿಕೊಳ್ಳಬೇಕು. ರೌಂಡ್ಸ್ ನಡುವೆ ಬೇಡ, ಎಮರ್ಜೆನ್ಸಿ ದಿನ ಬೇಡವೇ ಬೇಡ. ಮಧ್ಯಾಹ್ನ ಮೂರರ ಮೇಲೆ ವಾರ್ಡು ಸ್ವಲ್ಪ ತಣ್ಣಗಿರುತ್ತದೆ, ಮಂಚದ ಸುತ್ತ ಗುಂಪೂ ಇರುವುದಿಲ್ಲ. ಗೆಳತಿಯೊಬ್ಬಳನ್ನು ಕರೆದುಕೊಂಡು ಹೋಗಿ, ಒಬ್ಬಳು ಮಾಡಿ ಇನ್ನೊಬ್ಬಳು ನೋಡಿದರೂ ಅರ್ಧ ಕೆಲಸ ಆಗುತ್ತದೆ.

ಇನ್ನು ಬೊಂಬೆ. ನಿಮ್ಮ ಮನೆಯವರ ಮಾತಿಗೆ ನಗು ಬಂತು. ಯಾಕೆಂದರೆ 1960ರಲ್ಲಿ ಉಸಿರು ಕೊಟ್ಟು ಎದೆ ಒತ್ತುವುದನ್ನು ಕಲಿಸಲು ಮೊದಲ ಹೆಸರಾಂತ ಮ್ಯಾನಿಕಿನ್ ಮಾಡಿದವರು ನಾರ್ವೆಯ ಲೇರ್ಡಾಲ್, ಅವರು ನಿಜಕ್ಕೂ ಆಟಿಕೆ ಬೊಂಬೆ ತಯಾರಿಸುತ್ತಿದ್ದವರೇ. 2019ರಲ್ಲಿ ನಮ್ಮ ದೇಶದ ಎಂಬಿಬಿಎಸ್ ಪಠ್ಯಕ್ರಮ ಬದಲಾಯಿತು. ಎಷ್ಟು ಗಂಟೆ ಪಾಠ ಕೇಳಿದೆ ಅನ್ನುವುದಕ್ಕಿಂತ ಏನು ಮಾಡಲು ಬರುತ್ತದೆ ಅನ್ನುವುದಕ್ಕೆ ಒತ್ತು ಬಂತು. ಮಾಡಿ ಕಲಿತದ್ದನ್ನು ಬರೆದಿಡುವ ಲಾಗ್‌ಬುಕ್ ಬಂತು, ಬೊಂಬೆಗಳ ಮೇಲೆ ಮಾಡಿ ಕಲಿಯುವ ಸ್ಕಿಲ್ ಲ್ಯಾಬ್ ಕಡ್ಡಾಯವಾಯಿತು. ಬೊಂಬೆ ಬಂದದ್ದು ರೋಗಿಯ ಬದಲಿಗೆ ಅಲ್ಲ, ರೋಗಿಗಿಂತ ಮೊದಲು. ಮೊದಲ ಸಲ ಸೂಜಿ ಹಿಡಿದ ಕೈಗೆ ಯಾರದೋ ತಾಯಿಯ ತೋಳು ಸಿಗಬಾರದಲ್ಲ? ಪುರಾವೆಯೂ ಚೆನ್ನಾಗಿದೆ. ಶಿಕಾಗೋದ ಒಂದು ಆಸ್ಪತ್ರೆಯಲ್ಲಿ ದೊಡ್ಡ ರಕ್ತನಾಳಕ್ಕೆ ನಳಿಕೆ ಹಾಕುವುದನ್ನು ಮೊದಲು ಮ್ಯಾನಿಕಿನ್ ಮೇಲೆ ಪಕ್ಕಾ ಆಗುವ ತನಕ ಮಾಡಿಸಿದರು. ನಂತರ ಐಸಿಯುನಲ್ಲಿ ಆ ನಳಿಕೆಯಿಂದ ಬರುವ ಸೋಂಕು ಗಣನೀಯವಾಗಿ ಇಳಿಯಿತು. 2009ರ ವರದಿ ಅದು.

ಆದರೆ ಬೊಂಬೆಯ ಮೇಲೆ ಮಾಡಿದ್ದು ಕೈಯಲ್ಲಿ ಉಳಿಯಲು ಎರಡು ಷರತ್ತು. ಒಂದು, ಮೇಲೆ ಹೇಳಿದ ಹಾಗೆ ನೋಡಿ ತಿದ್ದುವವರು ಬೇಕು. ಎರಡು, ಅಂತರ ಬೇಕು. 2006ರಲ್ಲಿ ಟೊರಾಂಟೊದಲ್ಲಿ 38 ಕಿರಿಯ ಸರ್ಜನ್‌ಗಳಿಗೆ ಸಣ್ಣ ರಕ್ತನಾಳ ಹೊಲಿಯುವುದನ್ನು ಕಲಿಸಿದರು. ಅರ್ಧ ಜನರಿಗೆ ನಾಲ್ಕು ಪಾಠ ಒಂದೇ ದಿನ, ಉಳಿದವರಿಗೆ ವಾರಕ್ಕೊಂದರಂತೆ ನಾಲ್ಕು ವಾರ. ಪಾಠ ಅದೇ, ಹೊತ್ತು ಅಷ್ಟೇ. ತಿಂಗಳ ನಂತರ ಜೀವಂತ ಇಲಿಯ ಮೇಲೆ ಮಾಡಿಸಿದಾಗ ವಾರ ವಾರ ಕಲಿತವರು ಸ್ಪಷ್ಟವಾಗಿ ಮುಂದಿದ್ದರು. ನಮ್ಮಲ್ಲಿ ಏನಾಗುತ್ತದೆ? ಸ್ಕಿಲ್ ಲ್ಯಾಬ್‌ನಲ್ಲಿ ಒಂದು ಮಧ್ಯಾಹ್ನ ಸಾಲಾಗಿ ನಿಲ್ಲಿಸಿ, ತಲಾ ಒಂದು ಸಲ ಚುಚ್ಚಿಸಿ, ಲಾಗ್‌ಬುಕ್‌ಗೆ ಸಹಿ ಹಾಕಿಸಿ ಕಳಿಸುತ್ತೇವೆ. ತಿಂಗಳುಗಳ ನಂತರ ನಿಜವಾದ ತೋಳು ಎದುರಾದರೆ ಕೈ ನಡುಗದೆ ಏನು ಮಾಡೀತು? ಬೊಂಬೆಯ ನಾಳ ಇದ್ದಲ್ಲೇ ಇರುತ್ತದೆ. ಅಜ್ಜಿಯ ನಾಳ ಸೂಜಿ ತಾಗಿದ ಕೂಡಲೇ ಪಕ್ಕಕ್ಕೆ ಜಾರುತ್ತದೆ. ಎಡಗೈ ಹೆಬ್ಬೆರಳಿನಿಂದ ಚರ್ಮವನ್ನು ಕೆಳಕ್ಕೆ ಎಳೆದು ಹಿಡಿಯದಿದ್ದರೆ ಸಿಗುವುದೇ ಇಲ್ಲ. ಬೊಂಬೆ "ಆಯೀ ಗ!" ಎಂದು ಕೂಗುವುದೂ ಇಲ್ಲ. ನಿಮ್ಮ ಮಗಳು ನಡುಗಿದ್ದು ಅವಳ ಕೈಯ ದೋಷ ಅಲ್ಲ. ಬೊಂಬೆಗೂ ರೋಗಿಗೂ ನಡುವೆ ಒಂದು ಮೆಟ್ಟಿಲು ಇರಬೇಕಿತ್ತು: ಹಿರಿಯರು ಪಕ್ಕ ನಿಂತು, ನಾಳ ದಪ್ಪ ಇರುವ ತರುಣ ರೋಗಿಯನ್ನು ಆರಿಸಿ, ಅವರ ಒಪ್ಪಿಗೆ ಕೇಳಿ ಮಾಡಿಸುವುದು. ಆ ಮೆಟ್ಟಿಲು ತಪ್ಪಿತ್ತು. ನಡುಗಿದಾಗ ಚುಚ್ಚದೆ ಬಿಟ್ಟು ಬಂದಳಲ್ಲ, ನನ್ನ ಕಣ್ಣಿಗೆ ಅದು ಒಳ್ಳೆಯ ಲಕ್ಷಣ.

ನಿದ್ದೆಗೆಡುವ ವಿಷಯಕ್ಕೆ ಬಂದರೆ, ನಿಮ್ಮ ಮನೆಯವರ ಮಾತಿನಲ್ಲಿ ಒಂದು ನಿಜ ಇದೆ, ಒಂದು ತಪ್ಪು ಕಲ್ಪನೆ ಇದೆ. 2004ರಲ್ಲಿ ಬಾಸ್ಟನ್‌ನ ಐಸಿಯುಗಳಲ್ಲಿ ಇಂಟರ್ನ್‌ಗಳನ್ನು ಎರಡು ತರಹದ ಡ್ಯೂಟಿಯಲ್ಲಿ ಹಾಕಿ ನೋಡಿದರು. 24 ಗಂಟೆಗೂ ಮೀರುವ ಹಳೆಯ ಪದ್ಧತಿಯಲ್ಲಿ ಗಂಭೀರ ತಪ್ಪುಗಳು ನೂರಕ್ಕೆ 36ರಷ್ಟು ಜಾಸ್ತಿ. ಆದರೆ 2019ರಲ್ಲಿ ಅಮೆರಿಕದ 63 ತರಬೇತಿ ಕೇಂದ್ರಗಳಲ್ಲಿ ನಡೆದ ಇನ್ನೂ ದೊಡ್ಡ ಅಧ್ಯಯನದಲ್ಲಿ, ಡ್ಯೂಟಿ ಅವಧಿಯನ್ನು ಸಡಿಲ ಬಿಟ್ಟರೂ ರೋಗಿಗಳ ಸಾವಿನ ಪ್ರಮಾಣ ಏನೂ ಏರಲಿಲ್ಲ. ಹಾಗಾಗಿ ಗಂಟೆ ಇಳಿಸಿದರೆ ಎಲ್ಲ ಸರಿಹೋಗುತ್ತದೆ ಎಂದೂ ಹೇಳಲಾಗದು. ನಿದ್ದೆಗೆಟ್ಟರೆ ಜಾಣರಾಗುತ್ತಾರೆ ಎಂದು ಮಾತ್ರ ಯಾರೂ ತೋರಿಸಿಲ್ಲ. ಹಳೆಯ ಪದ್ಧತಿಯಲ್ಲಿ ಬೆಲೆಬಾಳುತ್ತಿದ್ದದ್ದು ಎಚ್ಚರ ಅಲ್ಲ, ಒಬ್ಬ ರೋಗಿಯನ್ನು ಸೇರಿದ ಕ್ಷಣದಿಂದ ಮನೆಗೆ ಹೋಗುವ ತನಕ ಬಿಡದೆ ಹಿಂಬಾಲಿಸುವುದು. ಜ್ವರ ಯಾವಾಗ ಇಳಿಯಿತು, ನಾವು ಮೊದಲ ದಿನ ಅಂದುಕೊಂಡದ್ದು ಯಾಕೆ ಸುಳ್ಳಾಯಿತು, ಇವೆಲ್ಲ ಒಂದು ದಿನದ ಹಾಜರಿಯಲ್ಲಿ ಕಾಣುವುದಿಲ್ಲ. ನಿದ್ದೆ ಕೆಡದೆಯೂ ಇದನ್ನು ಮಾಡಬಹುದು. ಅಂದಹಾಗೆ, ನಮ್ಮ ರೆಸಿಡೆಂಟ್‌ಗಳಿಗೆ ವಾರಕ್ಕೆ 48 ಗಂಟೆ, ದಿನಕ್ಕೆ 12 ಗಂಟೆಗಿಂತ ಜಾಸ್ತಿ ಸತತ ಕೆಲಸ ಸಾಮಾನ್ಯವಾಗಿ ಇರಬಾರದು ಎಂದು ಕೇಂದ್ರ ಸರ್ಕಾರ 1992ರಲ್ಲೇ ಆದೇಶ ಹೊರಡಿಸಿದೆ. ಅದು ಕಾಗದದಲ್ಲಿ ಸುಖವಾಗಿ ನಿದ್ದೆ ಮಾಡುತ್ತಿದೆ.

ಈಗ ಏನು ಮಾಡಬಹುದು?

ದುಬಾರಿ ಪ್ಯಾಕೇಜ್ ಕೊಡಿಸುವುದು ಒಂದು ದಾರಿ. ಅದರಿಂದ ಮನೆಯಲ್ಲಿ ಶಾಂತಿ, ಅವಳಿಗೂ ಧೈರ್ಯ. ಅಪಾಯ ಏನೆಂದರೆ ಎರಡು ಆ್ಯಪ್ ಇಟ್ಟುಕೊಂಡವರು ಸಾಮಾನ್ಯವಾಗಿ ಎರಡರ ವಿಡಿಯೋನೂ ನೋಡುತ್ತಾ ಕೂರುತ್ತಾರೆ, ಪ್ರಶ್ನೆ ಬಿಡಿಸುವುದಕ್ಕೆ ಹೊತ್ತೇ ಉಳಿಯುವುದಿಲ್ಲ. ಮೂರನೇ ವರ್ಷಕ್ಕೆ ಈಗಿರುವ ಒಂದೇ ಸಾಕು. ಇಂಟರ್ನ್‌ಶಿಪ್ ಹತ್ತಿರ ಬಂದಾಗ ಬೇಕಾದರೆ ನೋಡಿ. ಅಷ್ಟರಲ್ಲಿ ಪರೀಕ್ಷೆಯ ಸ್ವರೂಪವೇ ಬದಲಾಗಿದ್ದರೂ ಆಶ್ಚರ್ಯ ಇಲ್ಲ. ಎಂಬಿಬಿಎಸ್ ಕೊನೆಗೆ ದೇಶಕ್ಕೆಲ್ಲ ಒಂದೇ ನೆಕ್ಸ್ಟ್ ಪರೀಕ್ಷೆ ಎಂದು 2019ರಲ್ಲೇ ಕಾನೂನು ಆಗಿದೆ, ಜಾರಿ ಮಾತ್ರ ಮುಂದೆ ಮುಂದೆ ಹೋಗುತ್ತಾ ಬಂದಿದೆ.

ಆ್ಯಪ್ ಕಿತ್ತುಹಾಕಿ ದಿನವಿಡೀ ವಾರ್ಡಿನಲ್ಲೇ ಇರು ಅನ್ನುವುದು ಇನ್ನೊಂದು ತುದಿ. ಇದನ್ನು ನಾನು ಒಪ್ಪುವುದಿಲ್ಲ. ತಿದ್ದುವವರಿಲ್ಲದೆ ವಾರ್ಡಿನಲ್ಲಿ ಬರೀ ಕಾಲ ಕಳೆದರೆ ಕೆಟ್ಟ ಅಭ್ಯಾಸವೂ ಗಟ್ಟಿಯಾಗುತ್ತದೆ. ಅನುಭವ ಅಂದ ಮಾತ್ರಕ್ಕೆ ಒಳ್ಳೆಯದೇ ಆಗಬೇಕೆಂದಿಲ್ಲ. 2005ರಲ್ಲಿ 62 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಡಾಕ್ಟರುಗಳ ವೃತ್ತಿಯ ವರ್ಷ ಏರಿದಂತೆ ಚಿಕಿತ್ಸೆಯ ಗುಣಮಟ್ಟ ಇಳಿದದ್ದು ಕಂಡಿತ್ತು. ನಮ್ಮಂಥ ಹಿರಿಯರಿಗೆ ಓದಲು ಅಷ್ಟೇನೂ ಹಿತವಾದ ಸುದ್ದಿಯಲ್ಲ!

ನನ್ನ ಸಲಹೆ ನಡುವಿನದ್ದು. ಪೋಸ್ಟಿಂಗ್ ಇರುವ ದಿನ ಒಬ್ಬ ರೋಗಿಯನ್ನು ಆರಿಸಿಕೊಳ್ಳಲಿ. ಒಬ್ಬರೇ ಸಾಕು. ಅವರ ಹಿಸ್ಟರಿ, ಪರೀಕ್ಷೆ, ತನಗೆ ಅನ್ನಿಸಿದ ಮೂರು ಕಾಯಿಲೆ, ಇಷ್ಟನ್ನು ಕೇಸ್ ಪೇಪರ್ ನೋಡುವ ಮೊದಲೇ ಬರೆದಿಡಲಿ. ಆಮೇಲೆ ಫೈಲ್ ತೆಗೆದು ಹೋಲಿಸಲಿ. ಡಿಸ್ಚಾರ್ಜ್ ಆಗುವ ತನಕ ದಿನಾ ಹೋಗಿ ಮಾತಾಡಿಸಲಿ. ವಾರಕ್ಕೆ ಒಂದು ಸಲ ಯಾರಾದರೂ ತನ್ನನ್ನು ನೋಡಿ ತಿದ್ದುವ ಹಾಗೆ ಕೇಳಿಕೊಳ್ಳಲಿ. ಸಂಜೆ ಆ್ಯಪ್‌ನಲ್ಲಿ ಅದೇ ಕಾಯಿಲೆಯ ಪ್ರಶ್ನೆ ಬಿಡಿಸಲಿ. ಇದರಲ್ಲೂ ಅಪಾಯ ಇಲ್ಲದಿಲ್ಲ. ನೀಟ್‌ಗೆ ಓದುವ ಗೆಳತಿಯರು ವಿಡಿಯೋ ಲೆಕ್ಕದಲ್ಲಿ ಮುಂದೆ ಹೋದ ಹಾಗೆ ಕಾಣುತ್ತದೆ, ಅವಳಿಗೆ ಎದೆ ಢವಗುಟ್ಟುತ್ತದೆ. ನೆನಪಿಸಿಕೊಂಡು ಓದುವುದು ಕಷ್ಟ, ತಪ್ಪು ಜಾಸ್ತಿ ಬರುತ್ತದೆ, ಮೊದಲ ಕೆಲವು ವಾರ "ನನಗೇನೂ ಬರಲ್ಲ" ಅನ್ನಿಸುತ್ತದೆ. ಅನ್ನಿಸಲಿ ಬಿಡಿ. ಇನ್ನು ರಕ್ತ ತೆಗೆಯಲು ಹೋಗುವ ಮೊದಲು ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸ್ ಆಗಿದೆಯಾ ಎಂದು ಕೇಳಿ. ಸೂಜಿಗೆ ಮತ್ತೆ ಮುಚ್ಚಳ ಹಾಕಬಾರದು. ಅಕಸ್ಮಾತ್ ಚುಚ್ಚಿಕೊಂಡರೆ ಬೈಗುಳಕ್ಕೆ ಹೆದರಿ ಮುಚ್ಚಿಡದೆ ಕೂಡಲೇ ಕ್ಯಾಜುವಲ್ಟಿಗೆ ಹೋಗಬೇಕು. ಎಚ್‌ಐವಿ ತಡೆಯುವ ಔಷಧಿ ಕೆಲವೇ ಗಂಟೆಗಳಲ್ಲಿ ಶುರುವಾದರೆ ಒಳ್ಳೆಯದು, 72 ಗಂಟೆ ದಾಟಿದರೆ ಪ್ರಯೋಜನ ಇಲ್ಲ.

ನೀವೂ ಒಂದು ಕೆಲಸ ಮಾಡಬಹುದು. ರಾತ್ರಿ ಊಟದ ಹೊತ್ತಿಗೆ "ಇವತ್ತು ಯಾರನ್ನ ನೋಡಿದಿ, ಏನಾಗಿತ್ತು ಅವರಿಗೆ" ಎಂದು ಕೇಳಿ. ರೋಗಿಯ ಹೆಸರು, ಮನೆ ವಿವರ ಬೇಡ, ಅದನ್ನು ಅವಳು ಹೇಳಲೂಬಾರದು. ಕಾಯಿಲೆಯ ಕತೆ ಸಾಕು. ನೀವು ಡಾಕ್ಟರ್ ಅಲ್ಲದಿರುವುದೇ ಇಲ್ಲಿ ಅನುಕೂಲ, ಯಾಕೆಂದರೆ ಇಂಗ್ಲಿಷ್ ಪದಗಳ ಹಿಂದೆ ಅವಳು ಅಡಗಿಕೊಳ್ಳಲು ಆಗುವುದಿಲ್ಲ. ನಿಮಗೆ ಅರ್ಥವಾಗುವ ಹಾಗೆ ಹೇಳಲು ಬಂದರೆ ಅವಳಿಗೂ ಅರ್ಥವಾಗಿದೆ ಎಂದು ತಿಳಿಯಿರಿ. ಪರೀಕ್ಷೆ ತೆಗೆದುಕೊಳ್ಳುವ ದನಿ ಮಾತ್ರ ಬೇಡ. ಒಂದು ದಿನ ಹೇಳಲು ಮನಸ್ಸಿಲ್ಲ ಎಂದರೆ ಬಿಟ್ಟುಬಿಡಿ.

ಇಷ್ಟಾದ ಮೇಲೂ ವಾರ್ಡ್ ಅಂದರೆ ಹೊಟ್ಟೆ ತೊಳಸುವುದು, ನಿದ್ದೆ ಬಾರದಿರುವುದು, ಊಟ ಬಿಡುವುದು, ಮನೆಯಲ್ಲೂ ಯಾರ ಜೊತೆಗೂ ಬೆರೆಯದಿರುವುದು ಇವುಗಳಲ್ಲಿ ಏನಾದರೂ ಕಂಡರೆ ಅದು ಓದುವ ರೀತಿಯ ಪ್ರಶ್ನೆ ಅಲ್ಲ. ಮನೋವೈದ್ಯ ವಿಭಾಗದಲ್ಲಿ ತೋರಿಸುವುದಕ್ಕೆ ಹಿಂಜರಿಯಬೇಡಿ. ತನ್ನದೇ ಕಾಲೇಜಿನಲ್ಲಿ ಬೇಡ ಅನ್ನಿಸಿದರೆ ಹೊರಗೆ ತೋರಿಸಬಹುದು. ಬರೀ ಓದಿನ ಗೊಂದಲವಾದರೆ ಕಾಲೇಜಿನಲ್ಲಿ ಅವಳಿಗೆ ಒಬ್ಬ ಮೆಂಟರನ್ನು ಗೊತ್ತು ಮಾಡಿರುತ್ತಾರೆ. ಬಹಳಷ್ಟು ಮಕ್ಕಳು ಆ ಟೀಚರನ್ನು ಮೊದಲ ವರ್ಷದ ನಂತರ ಭೇಟಿಯೇ ಆಗಿರುವುದಿಲ್ಲ. ಮುಂದಿನ ಮೆಡಿಸಿನ್ ಪೋಸ್ಟಿಂಗ್ ಶುರುವಾಗುವ ಮೊದಲು ಒಮ್ಮೆ ಹೋಗಿ, ಯಾವ ಯೂನಿಟ್ಟಿನ ರೆಸಿಡೆಂಟ್‌ಗಳು ನಿಂತು ಕಲಿಸುತ್ತಾರೆ ಎಂದು ಕೇಳಲು ಹೇಳಿ. ಆ ಮಾಹಿತಿ ಮೆಂಟರಿಗಿಂತ ಜಾಸ್ತಿ ಸೀನಿಯರುಗಳ ಹತ್ತಿರ ಇರುತ್ತದೆ, ಅವರನ್ನೂ ಕೇಳಲಿ.